ಸೋಲೋ ಅಂದ್ರೆ ಸೋಲು ಅಲ್ಲ

ಪ್ರಶ್ನೆ: ಸರ್, ನಾನು ಮಂಡ್ಯದವನು, 36 ವರ್ಷ. ಕಾಲೇಜು ಮುಗಿದ ಮೇಲೆ ಬಿಟ್ಟಿದ್ದ ಕಂಪ್ಯೂಟರ್ ಗೇಮ್ ಚಟ ಈಚೆಗೆ ಮತ್ತೆ ಹತ್ತಿಕೊಂಡಿದೆ. ಎಲೀಟ್ ಡೇಂಜರಸ್ ಅನ್ನೋ ಬಾಹ್ಯಾಕಾಶ ಹಡಗಿನ ಆಟ ಆಡುತ್ತೇನೆ. ರಾತ್ರಿ ಊಟ ಆದ ಮೇಲೆ ಸಿಗೋದು ಒಂದು ಗಂಟೆ. ಅದರಲ್ಲೂ ಅರ್ಧ ಹೊತ್ತು ಏಳು ವರ್ಷದ ಮಗಳು ಪಕ್ಕದಲ್ಲೇ ಕೂತಿರುತ್ತಾಳೆ. ಎರಡು ತಿಂಗಳು ಕಷ್ಟಪಟ್ಟು ಟೈಪ್-6 ಹಡಗು ತಗೊಂಡೆ. ಮೊನ್ನೆ ಕೈಲಿದ್ದ ದುಡ್ಡನ್ನೆಲ್ಲ ಹಾಕಿ 60 ಟನ್ ಚಿನ್ನ ತುಂಬಿಕೊಂಡು ಹೊರಟಿದ್ದೆ. ದಾರಿಯಲ್ಲಿ ಯಾರೋ ಅಡ್ಡ ಹಾಕಿ ಒಂದೇ ನಿಮಿಷದಲ್ಲಿ ಉಡಾಯಿಸಿಬಿಟ್ಟ. ಒಂದು ಮಾತೂ ಆಡಲಿಲ್ಲ. ‘ಅಪ್ಪಾ, ಅವ್ರು ಯಾಕೆ ಹಂಗೆ ಮಾಡಿದ್ರು?’ ಅಂತ ಮಗಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇರೆ ಆಟಗಾರರು ಯಾರೂ ಎದುರಾಗದ ಸೋಲೋ ಮೋಡ್‌ಗೆ ಹೋಗ್ತೀನಿ ಅಂದ್ರೆ ಮೈಸೂರಿನಲ್ಲಿರುವ ಗೆಳೆಯ ನಗುತ್ತಾನೆ. ‘ಹೆಸರಲ್ಲೇ ಸೋಲು ಇದೆಯಲ್ಲೋ, ಬಾಗ್ಲು ಹಾಕ್ಕೊಂಡು ಕುಸ್ತಿ ಆಡ್ದಂಗೆ ಅದು’ ಅಂತಾನೆ. ಸೋಲೋಗೆ ಹೋದರೆ ಇಲ್ಲಿತನಕ ಗಳಿಸಿದ್ದು ಹೋಗುತ್ತಾ? ಆಟದ ಮಜಾ ಕಮ್ಮಿ ಆಗುತ್ತಾ? ನಮ್ಮಲ್ಲಿ ಕರೆಂಟೂ ನೆಟ್ಟೂ ಆಗಾಗ ಕೈಕೊಡುತ್ತೆ, ಅದಕ್ಕೆ ಯಾವುದು ವಾಸಿ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡ್ತೀನಿ. ಚಿನ್ನ ತುಂಬಿಕೊಂಡು ಹೊರಟ ದಿನ ಸೋಲೋ. ಖಾಲಿ ಹಡಗಲ್ಲಿ ಸುಮ್ನೆ ತಿರುಗಾಡುವ ದಿನ ಎಲ್ಲ ಆಟಗಾರರೂ ಎದುರಾಗುವ ಓಪನ್. ಗೆಳೆಯ ಜೊತೆಗಿದ್ದರೆ ಸೇರಿಸಿಕೊಂಡವರಷ್ಟೇ ಇರುವ ಪ್ರೈವೇಟ್ ಗ್ರೂಪ್. ನೀವು ಗಳಿಸಿದ್ದು ಒಂದು ಕ್ರೆಡಿಟ್ಟೂ ಎಲ್ಲೂ ಹೋಗಲ್ಲ. ಈ ಆಟದಲ್ಲಿ ನಿಮ್ಮ ಕಮಾಂಡರ್, ಅಂದರೆ ಆಟದೊಳಗಿನ ನೀವು, ಒಬ್ಬನೇ. ಮೂರು ಮೋಡ್‌ನಲ್ಲೂ ಅದೇ ಹಡಗು, ಅದೇ ದುಡ್ಡು, ಅದೇ ಹೆಸರು. ಮುಖ್ಯ ಮೆನುವಿಗೆ ಬಂದು ಬೇರೆ ಮೋಡ್ ಒತ್ತಿದರೆ ಮುಗೀತು. ಸೋಮವಾರ ಸೋಲೋದಲ್ಲಿ ದುಡಿದದ್ದನ್ನು ಮಂಗಳವಾರ ಓಪನ್‌ನಲ್ಲಿ ಖರ್ಚು ಮಾಡಬಹುದು. ಯಾವುದೋ ಒಂದನ್ನು ಆರಿಸಿಕೊಂಡು ಕೊನೇತನಕ ಅದರಲ್ಲೇ ಇರಬೇಕು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದೇನು ಮದುವೆಯೇ?

ಹೊಸಬರಿಗೆ ಇದನ್ನು ಹೇಳುವಾಗ ನಾನು ಜಂಬೂ ಸವಾರಿ ಉದಾಹರಣೆ ಕೊಡ್ತೀನಿ. ಸವಾರಿಯನ್ನು ಮನೇಲಿ ಟೀವಿ ಹಾಕಿಕೊಂಡು ನೋಡಬಹುದು. ಸಯ್ಯಾಜಿರಾವ್ ರಸ್ತೆಯಲ್ಲಿ ಗೊತ್ತಿರುವವರ ಮನೆ ಮಹಡಿ ಹತ್ತಿ ನೋಡಬಹುದು. ಇಲ್ಲಾ ಬೆಳಗ್ಗೆನೇ ಬುತ್ತಿ ಕಟ್ಟಿಕೊಂಡು ಹೋಗಿ, ಜನರ ನಡುವೆ ನೂಕಿಸಿಕೊಂಡು, ಕಾಲು ತುಳಿಸಿಕೊಂಡು ನೋಡಬಹುದು. ಆನೆ ಅದೇ, ಅಂಬಾರಿ ಅದೇ. ಸೋಲೋ, ಪ್ರೈವೇಟ್ ಗ್ರೂಪ್, ಓಪನ್ ಅಂದರೆ ಇಷ್ಟೇ. ಆಟದ ಆಕಾಶದಲ್ಲಿರೋ ಸುಮಾರು 40,000 ಕೋಟಿ ನಕ್ಷತ್ರಗಳು ಮೂರೂ ಮೋಡ್‌ಗೆ ಒಂದೇ. ಮಾರುಕಟ್ಟೆ ದರ ಒಂದೇ, ಯಾವ ಊರಲ್ಲಿ ಯಾರ ಆಳ್ವಿಕೆ ಅನ್ನೋದೂ ಒಂದೇ. ನಿಮ್ಮ ಸುತ್ತ ಯಾವ ಮನುಷ್ಯರು ಕಾಣುತ್ತಾರೆ ಅನ್ನೋದಷ್ಟೇ ಬೇರೆ. ಹೋಲಿಕೆ ಒಂದು ಕಡೆ ತಪ್ಪುತ್ತೆ. ಟೀವಿ ಮುಂದೆ ಕೂತವನು ಆನೆಯನ್ನು ತಳ್ಳೋಕಾಗಲ್ಲ. ಇಲ್ಲಿ ಸೋಲೋ ಆಡುವವನೂ ಸ್ವಲ್ಪ ತಳ್ಳಬಹುದು. ಜಗಳ ಶುರುವಾಗಿರೋದೇ ಅಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

ಈಗ ನಿಮ್ಮ ಚಿನ್ನದ ವಿಷಯ. ಹಡಗು ಒಡೆದಾಗ ಅದರ ಬೆಲೆಯ ಶೇಕಡ 5 ಕಟ್ಟಿದರೆ ವಿಮೆಯಲ್ಲಿ ಹಾಗೇ ವಾಪಸ್ ಸಿಗುತ್ತೆ. ಟೈಪ್-6 ಬರೀ ಹಡಗಿನ ಬೆಲೆ ಸುಮಾರು 10 ಲಕ್ಷ ಕ್ರೆಡಿಟ್. ಒಳಗಿನ ಸಾಮಾನೆಲ್ಲ ಸೇರಿ ಅದರ ದುಪ್ಪಟ್ಟು ಅಂತಿಟ್ಟುಕೊಳ್ಳಿ, ಕಟ್ಟಬೇಕಾದ್ದು ಒಂದು ಲಕ್ಷ. ಅದೇನು ದೊಡ್ಡದಲ್ಲ. ಆದರೆ ಹೊಟ್ಟೆಯಲ್ಲಿದ್ದ ಸರಕಿಗೆ ವಿಮೆ ಇಲ್ಲ. 60 ಟನ್ ಚಿನ್ನ ಹೋಯಿತು ಅಂದರೆ ಹೋಯಿತು. ಟೈಪ್-6 ಸರಕು ಸಾಗಿಸೋಕೆ ಮಾಡಿದ ಹಡಗು. ತುಂಬಿದ ಮೇಲೆ ನಿಮ್ಮ ಆಸ್ತಿಯ ದೊಡ್ಡ ಪಾಲು ವಿಮೆ ಇಲ್ಲದ ಜಾಗದಲ್ಲಿ ಕೂತಿರುತ್ತೆ. ಇದು ನಿಮ್ಮ ದಡ್ಡತನ ಅಂತ ಹೇಳ್ತಿಲ್ಲ. ಇದನ್ನು ಎಲ್ಲರೂ ಒಂದು ಸಲ ದುಡ್ಡು ಕಳೆದುಕೊಂಡೇ ಕಲಿಯೋದು.

ಹಾಗಾಗಿ ಮೋಡ್ ಒತ್ತುವ ಮುಂಚೆ ನಾನು ಒಂದೇ ಒಂದು ಪ್ರಶ್ನೆ ಕೇಳಿಕೊಳ್ತೀನಿ. ಈಗ ಹಡಗಲ್ಲಿ ಇರೋದು ಹೋದರೆ ನಾಳೆ ಬೆಳಗ್ಗೆ ಹಲ್ಲುಜ್ಜುವಾಗ ನೆನಪಾಗಿ ಬೇಜಾರಾಗುತ್ತಾ? ಆಗುತ್ತೆ ಅಂದರೆ ಸೋಲೋ. ಧೈರ್ಯ, ಹೇಡಿತನ, ನಿಜವಾದ ಆಟಗಾರ ಯಾರು ಅನ್ನೋ ಮಾತೆಲ್ಲ ಈ ಲೆಕ್ಕಕ್ಕೆ ಬರೋದೇ ಇಲ್ಲ.

ನಿಮ್ಮ ಗೆಳೆಯರು ಕುಸ್ತಿ ಹೆಸರೆತ್ತಿದ್ದು ಒಳ್ಳೇದೇ ಆಯಿತು. ಮೈಸೂರಿನವರಾಗಿ ಅವರಿಗೆ ದಸರಾ ಕುಸ್ತಿಗೆ ಮುಂಚೆ ಏನು ನಡೆಯುತ್ತೆ ಅಂತ ಗೊತ್ತಿರಬೇಕು. ಜೋಡಿ ಕಟ್ಟುತ್ತಾರೆ. ಇವನ ತೂಕ ಎಷ್ಟು, ಅವನ ಅನುಭವ ಎಷ್ಟು ಅಂತ ನೋಡಿ, ಸರಿಸಮ ಇರುವವರನ್ನು ಎದುರುಬದುರು ನಿಲ್ಲಿಸಿ ಕೈ ಮಿಲಾಯಿಸುತ್ತಾರೆ. ಅದಕ್ಕಂತಲೇ ಒಂದು ಕಾರ್ಯಕ್ರಮ ನಡೆಯುತ್ತೆ. ಗರಡಿಗೆ ನಿನ್ನೆ ಸೇರಿದ ಹುಡುಗನನ್ನು ಪೈಲ್ವಾನರ ಮುಂದೆ ತಳ್ಳಿದರೆ ಅಖಾಡದ ಸುತ್ತ ಕೂತ ಹಿರಿಯರೇ ಬೈಯ್ಯುತ್ತಾರೆ. ಓಪನ್ ಮೋಡ್‌ನಲ್ಲಿ ಜೋಡಿ ಕಟ್ಟುವವರು ಯಾರೂ ಇಲ್ಲ. ಹೊಸಬರಿಗೆ ಮೊದಲ ಕೆಲವು ದಿನ ಒಂದು ಪ್ರತ್ಯೇಕ ವಲಯ ಇದೆ, ಹಳಬರು ಅಲ್ಲಿಗೆ ಬರೋ ಹಾಗಿಲ್ಲ. ಅದನ್ನು ದಾಟಿದ ದಿನದಿಂದ ಎರಡು ತಿಂಗಳ ಹುಡುಗನೂ ಎಂಟು ವರ್ಷದ ಹಳೇ ಹುಲಿಯೂ ಒಂದೇ ಕಣದಲ್ಲಿ. ಅವನ ಹಡಗು ಕಾಳಗಕ್ಕಂತಲೇ ತಿದ್ದಿ ತೀಡಿದ್ದು. ನಿಮ್ಮದು ಮೂಟೆ ಹೊರೋದು. ಇದು ಕುಸ್ತಿ ಹೆಂಗಾಗುತ್ತೆ ಹೇಳಿ?

ನಾನು ಇದನ್ನು ಕಂಪ್ಯೂಟರ್ ಮುಂದೆ ಕೂತು ಕಲಿತದ್ದಕ್ಕಿಂತ ಕೂರಿಸಿ ಕಲಿತದ್ದೇ ಜಾಸ್ತಿ. 2004ರ ಸುಮಾರಿಗೆ ಸರಸ್ವತಿಪುರಂನಲ್ಲಿ ಎಂಟು ಕಂಪ್ಯೂಟರ್ ಹಾಕಿಕೊಂಡು ಸಣ್ಣದೊಂದು ಸೈಬರ್ ನಡೆಸುತ್ತಿದ್ದೆ. ಗಂಟೆಗೆ 20 ರೂಪಾಯಿ. ಸಂಜೆಯಾದರೆ ಕಾಲೇಜು ಹುಡುಗರು ಎಂಟೂ ಸಿಸ್ಟಮ್ ಹಿಡಿದು ಕೌಂಟರ್ ಸ್ಟ್ರೈಕ್ ಆಡುತ್ತಿದ್ದರು. ಹಳ್ಳಿ ಕಡೆಯಿಂದ ಒಬ್ಬ ಹುಡುಗ ಭಾನುವಾರ ಮಾತ್ರ ಬರುತ್ತಿದ್ದ. ಬಸ್ ಚಾರ್ಜ್ ಬಿಟ್ಟು ಜೇಬಲ್ಲಿ ಸರಿಯಾಗಿ 20 ರೂಪಾಯಿ ಇರುತ್ತಿತ್ತು. ಆಟ ಶುರುವಾದ ಹತ್ತು ಸೆಕೆಂಡಿಗೆ ಅವನನ್ನು ಹೊಡೆದುಹಾಕುತ್ತಿದ್ದರು. ಸತ್ತವನು ಆ ಸುತ್ತು ಮುಗಿಯೋತನಕ ಸುಮ್ನೆ ನೋಡುತ್ತಾ ಕೂರಬೇಕು. ಒಂದು ದಿನ ಲೆಕ್ಕ ಹಾಕಿದೆ. ಅವನು ಕೊಟ್ಟ ಒಂದು ಗಂಟೆಯಲ್ಲಿ ನಿಜವಾಗಿ ಆಡಿದ್ದು ಹನ್ನೆರಡು ನಿಮಿಷ. ಮುಂದಿನ ಭಾನುವಾರದಿಂದ ಮೂಲೆಯ ಎರಡು ಸಿಸ್ಟಮ್ ಬೇರೆ ಮಾಡಿ, ಅವನನ್ನೂ ಅವನಷ್ಟೇ ಹೊಸಬನಾದ ಇನ್ನೊಬ್ಬನನ್ನೂ ಕೂರಿಸಿದೆ. ನಾಲ್ಕು ತಿಂಗಳಿಗೆ ಅವನೇ ದೊಡ್ಡವರ ಸಾಲಿಗೆ ಹೋಗಿ ಕೂತ, ಚೆನ್ನಾಗಿಯೇ ಹೊಡೆದ. ಆ ಎರಡು ಸಿಸ್ಟಮ್ ಇಲ್ಲದಿದ್ದರೆ ಮೂರನೇ ವಾರಕ್ಕೇ ಬರೋದು ಬಿಡುತ್ತಿದ್ದ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ನಿಮಗೂ ದಿನಕ್ಕೆ ಸಿಗೋದು ಒಂದೇ ಗಂಟೆ ಅಂತ ಬರೆದಿದ್ದೀರಿ, ಅದಕ್ಕೇ ಆ ಹುಡುಗ ನೆನಪಾದ.

ಹಾಗಂತ ನಿಮ್ಮ ಗೆಳೆಯರ ಮಾತಲ್ಲಿ ಹುರುಳೇ ಇಲ್ಲ ಅಂತಲ್ಲ. ಓಪನ್ ಆಡುವವರಿಗೆ ಒಂದು ನ್ಯಾಯವಾದ ದೂರಿದೆ. ಆಟದಲ್ಲಿ ಪವರ್‌ಪ್ಲೇ ಅಂತ ಒಂದಿದೆ. ಕ್ರಿಕೆಟ್ಟಿನದಲ್ಲ, ಬೇರೆ ಬೇರೆ ನಾಯಕರ ಬಣಗಳು ನಕ್ಷತ್ರಗಳಿಗಾಗಿ ಕಿತ್ತಾಡೋದು. ಒಂದು ಬಣದವರು ಓಪನ್‌ನಲ್ಲಿ ದಾರಿ ಕಾಯುತ್ತಾ ನಿಂತಿರುತ್ತಾರೆ. ಇನ್ನೊಂದು ಬಣದವನು ಸೋಲೋದಲ್ಲಿ ಯಾರ ಕಣ್ಣಿಗೂ ಬೀಳದೆ ಸರಕು ಸಾಗಿಸಿ ಊರನ್ನೇ ಗೆದ್ದುಬಿಡುತ್ತಾನೆ. ಕಾದವರಿಗೆ ಹೊಟ್ಟೆ ಉರಿಯದೆ ಇರುತ್ತಾ? ಪವರ್‌ಪ್ಲೇ ಓಪನ್‌ನವರಿಗೆ ಮಾತ್ರ ಇರಲಿ ಅನ್ನೋ ಯೋಚನೆಯನ್ನು 2018ರಲ್ಲಿ ಕಂಪನಿಯೇ ಆಟಗಾರರ ಮುಂದಿಟ್ಟಿತ್ತು. ಜಗಳವೋ ಜಗಳ. ಕೊನೆಗೆ 2024ರಲ್ಲಿ ಪವರ್‌ಪ್ಲೇಯನ್ನು ಹೊಸದಾಗಿ ಕಟ್ಟಿದಾಗಲೂ ಸೋಲೋ ಆಡುವವರನ್ನು ಹೊರಗಿಡಲಿಲ್ಲ. ನೀವು ಬಣ ಸೇರಿ ಕಿತ್ತಾಡುವ ದಿನ ಬಂದರೆ ಓಪನ್‌ನಲ್ಲೇ ಆಡಿ, ಅದು ಮರ್ಯಾದೆ ಅಂತ ನನ್ನ ಅಭಿಪ್ರಾಯ. ಚಿನ್ನ ಮಾರಿ ಹಡಗು ಕೊಳ್ಳೋಕೆ ಆ ಮರ್ಯಾದೆ ಪ್ರಶ್ನೆ ಬರೋದಿಲ್ಲ.

ಈ ಜಗಳ ಹೊಸದೂ ಅಲ್ಲ. 1997ರಲ್ಲಿ ಅಲ್ಟಿಮಾ ಆನ್‌ಲೈನ್ ಅನ್ನೋ ಆಟ ಬಂತು. ಊರಿನ ಗಡಿ ದಾಟಿದರೆ ಯಾರು ಯಾರನ್ನು ಬೇಕಾದರೂ ಕೊಂದು ದೋಚಬಹುದಿತ್ತು. ಹೊಸಬರು ಬರ್ತಾರೆ, ಸುಲಿಸಿಕೊಳ್ತಾರೆ, ಬಿಟ್ಟು ಹೋಗ್ತಾರೆ. 2000ದಲ್ಲಿ ಕಂಪನಿ ಇಡೀ ಪ್ರಪಂಚವನ್ನೇ ಎರಡು ಮಾಡಿತು. ಫೆಲುಕ್ಕ ಅನ್ನೋದರಲ್ಲಿ ಹಳೇ ಕಾಡಿನ ನ್ಯಾಯ. ಟ್ರಾಮ್ಮೆಲ್ ಅನ್ನೋದರಲ್ಲಿ ಒಪ್ಪಿಗೆ ಇಲ್ಲದೆ ಯಾರೂ ಯಾರ ಮೇಲೂ ಕೈ ಮಾಡೋ ಹಾಗಿಲ್ಲ. ಜನ ದಂಡಿಯಾಗಿ ಟ್ರಾಮ್ಮೆಲ್‌ಗೆ ಹೋದರು. ಆಟ ಅವತ್ತೇ ಸತ್ತಿತು ಅನ್ನುವವರು ಈಗಲೂ ಸಿಗುತ್ತಾರೆ. ಆ ಆಟ ಇವತ್ತಿಗೂ ನಡೆಯುತ್ತಿದೆ ಅನ್ನೋದು ಬೇರೆ ಮಾತು. ಎಲೀಟ್ ಮಾಡಿದವರು 2014ರ ಡಿಸೆಂಬರಿನಲ್ಲಿ ಆಟ ಬಿಡುವಾಗಲೇ ಮೂರು ಬಾಗಿಲು ಇಟ್ಟರು. ಪ್ರಪಂಚ ಒಡೆಯಲಿಲ್ಲ, ಬಾಗಿಲು ಮಾತ್ರ ಬೇರೆ ಮಾಡಿದರು. ನನಗೆ ಇದೇ ಜಾಣ ದಾರಿ ಅನ್ನಿಸುತ್ತೆ.

ಸೋಲೋದಲ್ಲಿ ಮಜಾ ಕಮ್ಮಿ ಆಗುತ್ತಾ ಅಂತ ಕೇಳಿದಿರಿ. ಎದುರಿಗೆ ಇರುವವನು ಮನುಷ್ಯ ಅಂತ ಗೊತ್ತಾದಾಗ ಎದೆ ಡವಡವ ಅನ್ನುತ್ತಲ್ಲ, ಅದು ಸೋಲೋದಲ್ಲಿ ಯಾವತ್ತೂ ಸಿಗಲ್ಲ. ಒಂದು ಸಲ ನಾನು ಇಂಧನ ಲೆಕ್ಕ ಹಾಕದೆ ಹಾರಿ, ಇಂಧನ ತುಂಬಿಕೊಳ್ಳೋಕೆ ಬಾರದ ಒಂದು ಮಂಕು ನಕ್ಷತ್ರದ ಹತ್ತಿರ ಸಿಕ್ಕಿಹಾಕಿಕೊಂಡೆ. ಈ ಆಟದಲ್ಲಿ ಫ್ಯುಯೆಲ್ ರ‍್ಯಾಟ್ಸ್ ಅಂತ ಒಂದು ತಂಡ ಇದೆ. ಸಿಕ್ಕಿಕೊಂಡವರಿಗೆ ಬಿಟ್ಟಿ ಇಂಧನ ತಂದು ಕೊಡೋದೇ ಅವರ ಕೆಲಸ, ಅದೇ ಅವರ ಆಟ. ನಮ್ಮ ಹೆದ್ದಾರಿಯಲ್ಲಿ ಬೈಕ್ ತಳ್ಳಿಕೊಂಡು ಹೋಗುತ್ತಿದ್ದರೆ ಯಾರೋ ನಿಲ್ಲಿಸಿ ಅರ್ಧ ಬಾಟಲಿ ಪೆಟ್ರೋಲ್ ಕೊಟ್ಟು ಹೋಗುತ್ತಾರಲ್ಲ, ಹಾಗೆ. ಯಾವ ದೇಶದವನೋ ಏನೋ, ಹಡಗಿನ ದೀಪ ಮಿಣುಕಿಸುತ್ತಾ ಬಂದ. ಸಣ್ಣ ಡ್ರೋನ್ ಬಿಟ್ಟು ಟ್ಯಾಂಕ್ ತುಂಬಿಸಿದ. ಥ್ಯಾಂಕ್ಸ್ ಹೇಳಿ ಮುಗಿಸೋಷ್ಟರಲ್ಲಿ ಹೊರಟೇಹೋದ. ಎಷ್ಟು ಕ್ರೆಡಿಟ್ ಗಳಿಸಿದರೂ ಇಷ್ಟು ನೆನಪಿರಲ್ಲ.

ಇನ್ನೊಂದು ನೆನಪೂ ಇದೆ, ಅದು ಕಹಿ. ಮೂರು ವಾರ ದೂರದ ನಕ್ಷತ್ರಗಳನ್ನೆಲ್ಲ ಸುತ್ತಿ, ಒಂದೊಂದು ಗ್ರಹದ ಮಾಹಿತಿ ಹಿಡಿದುಕೊಂಡು ವಾಪಸ್ ಬರುತ್ತಿದ್ದೆ. ಈ ಮಾಹಿತಿಯನ್ನು ಸ್ಟೇಷನ್ನಿನಲ್ಲಿ ಮಾರಿದರೇ ದುಡ್ಡು. ಅದಕ್ಕೆ ಮುಂಚೆ ಹಡಗು ಒಡೆದರೆ ಅಷ್ಟೂ ಮಣ್ಣುಪಾಲು. ಊರು ಹತ್ತಿರ ಬಂತಲ್ಲ ಅಂತ ಉಬ್ಬಿ ಓಪನ್‌ಗೆ ಬಂದೆ. ನಿಜ ಹೇಳಬೇಕೆಂದರೆ ನಾಲ್ಕು ಜನ ನೋಡಲಿ ಅನ್ನೋ ಆಸೆ. ಒಬ್ಬ ಸಿಕ್ಕಿದ. ‘ಓ ಸೆವೆನ್’ ಅಂತ ಟೈಪ್ ಮಾಡಿದ. ಅದು ಈ ಆಟದವರ ಸೆಲ್ಯೂಟ್. ಆಹಾ ಎಷ್ಟು ಒಳ್ಳೆಯವನು ಅಂತ ನಾನೂ ತಿರುಗಿ ಟೈಪ್ ಮಾಡುತ್ತಿದ್ದೆ. ಎರಡೂ ಕೈ ಕೀಬೋರ್ಡಿನ ಮೇಲಿತ್ತು. ಹಡಗು ನಡೆಸೋ ಕೋಲಿನ ಮೇಲೆ ಇರಲಿಲ್ಲ. ಎಂಟರ್ ಒತ್ತೋಷ್ಟರಲ್ಲಿ ಪರದೆ ಬೆಳ್ಳಗಾಯಿತು. ಪಕ್ಕದಲ್ಲಿದ್ದ ಕಾಫಿ ಇನ್ನೂ ಬಿಸಿಯಾಗೇ ಇತ್ತು.

ಆದ್ದರಿಂದ ಓಪನ್‌ಗೆ ಹೋಗುವ ದಿನ ಇಷ್ಟು ನೆನಪಿಡಿ. ರೇಡಾರಿನಲ್ಲಿ ಕಂಪ್ಯೂಟರ್ ನಡೆಸುವ ಹಡಗಿನ ಗುರುತು ತುಂಬಿದ ಚೌಕ, ಮನುಷ್ಯರದು ಟೊಳ್ಳು ಚೌಕ. ಟೊಳ್ಳು ಚೌಕವೊಂದು ನಿಮ್ಮ ಹಿಂದೆಯೇ ತಿರುಗುತ್ತಾ ಬಂದರೆ ಸ್ನೇಹಕ್ಕೆ ಬಂದಿರೋದು ಅಪರೂಪ. ಅಡ್ಡ ಹಾಕಿ ಎಳೆದಾಗ ಒದ್ದಾಡಬೇಡಿ. ಒದ್ದಾಡಿ ಸೋತರೆ ಹಡಗಿಗೂ ಪೆಟ್ಟು, ಮತ್ತೆ ಹಾರೋಕೆ ಜಾಸ್ತಿ ಹೊತ್ತೂ ಕಾಯಬೇಕು. ವೇಗವನ್ನು ಸೊನ್ನೆಗೆ ಇಳಿಸಿ, ಒಪ್ಪಿಕೊಂಡು ಹೊರಗೆ ಬನ್ನಿ. ತಕ್ಷಣ ಬೂಸ್ಟ್ ಒತ್ತಿ, ಬೇರೊಂದು ನಕ್ಷತ್ರಕ್ಕೆ ಹಾರಿ. ಅದೇ ನಕ್ಷತ್ರದ ಸುತ್ತಮುತ್ತಲೇ ಓಡೋಕೆ ಹೋದರೆ ಪಕ್ಕದ ಭಾರಿ ಹಡಗಿನ ತೂಕ ನಿಮ್ಮನ್ನು ತಡೆಹಿಡಿಯುತ್ತೆ. ಬೇರೆ ನಕ್ಷತ್ರಕ್ಕೆ ಹಾರುವಾಗ ಆ ತಡೆ ಇಲ್ಲ. ಇದೊಂದು ಕಲಿತರೆ ಹತ್ತರಲ್ಲಿ ಏಳು ಸಲ ಜೀವ ಉಳಿಯುತ್ತೆ, ನನ್ನ ಅನುಭವದ ಲೆಕ್ಕ ಇದು. ಇನ್ನು ನಾಲ್ಕು ಟನ್ ಜಾಸ್ತಿ ಹಿಡಿಯಲಿ ಅಂತ ಶೀಲ್ಡ್ ಕಿತ್ತುಹಾಕುವ ವ್ಯಾಪಾರಿಗಳಿದ್ದಾರೆ. ನೀವೂ ಹಾಗೆ ಮಾಡಿದ್ದರೆ ಇವತ್ತೇ ವಾಪಸ್ ಹಾಕಿ. ಡೆಸಿಯಾಟ್ ಅನ್ನೋ ಕಡೆ ಹಡಗಿನ ಎಂಜಿನ್ ಸುಧಾರಿಸಿಕೊಳ್ಳೋಕೆ ಹೊಸಬರು ಬಹಳ ಜನ ಹೋಗುತ್ತಾರೆ. ಬೇಟೆಯವರಿಗೂ ಅದು ಗೊತ್ತು. ಅಲ್ಲಿಗೆ ನಾನು ಈಗಲೂ ಸೋಲೋದಲ್ಲೇ ಹೋಗೋದು. ನಾಚಿಕೆ ಏನಿಲ್ಲ.

ಕರೆಂಟು, ನೆಟ್ಟಿನ ವಿಷಯ. ಸೋಲೋ ಅಂದರೆ ಆಫ್‌ಲೈನ್ ಅಂತ ತಿಳಿಯಬೇಡಿ. ಆಫ್‌ಲೈನ್ ಕೊಡ್ತೀವಿ ಅಂತ ಮೊದಲು ಹೇಳಿದ್ದರು. ಆಟ ಬಿಡುಗಡೆಗೆ ಒಂದು ತಿಂಗಳಿರುವಾಗ, 2014ರ ನವೆಂಬರಿನಲ್ಲಿ, ಆಗಲ್ಲ ಅಂದುಬಿಟ್ಟರು. ಸೋಲೋಗೂ ನೆಟ್ ಬೇಕೇಬೇಕು. ಆದರೆ ಅಲ್ಲಿ ನಿಮ್ಮ ಕಂಪ್ಯೂಟರ್ ಮಾತಾಡೋದು ಕಂಪನಿಯ ಸರ್ವರ್ ಜೊತೆ ಮಾತ್ರ. ಓಪನ್‌ನಲ್ಲಿ ಸುತ್ತ ಇರುವ ಆಟಗಾರರ ಕಂಪ್ಯೂಟರ್‌ಗಳ ಜೊತೆ ನೇರವಾಗಿ ಮಾತಾಡುತ್ತೆ. ಅವನ ನೆಟ್ ಕುಂಟಿದರೂ ನಿಮ್ಮ ಪರದೆಯಲ್ಲಿ ಹಡಗು ಕಪ್ಪೆ ಥರ ಕುಪ್ಪಳಿಸುತ್ತೆ. ನಮ್ಮ ಕಡೆಯ ಎಷ್ಟೋ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ನೆಟ್‌ನಲ್ಲಿ ಒಂದೇ ವಿಳಾಸವನ್ನು ಹತ್ತಾರು ಮನೆಗೆ ಹಂಚಿರುತ್ತಾರೆ. ಹಾಗಿದ್ದಾಗ ಈ ನೇರ ಮಾತು ಕೆಲವೊಮ್ಮೆ ಕೂಡಿಬರಲ್ಲ. ನೀವೂ ಗೆಳೆಯರೂ ಒಂದೇ ಸ್ಟೇಷನ್ನಿನಲ್ಲಿ ನಿಂತಿದ್ದರೂ ಒಬ್ಬರಿಗೊಬ್ಬರು ಕಾಣದೆ ಹೋಗಬಹುದು. ಮೊದಲೇ ಟೀಮ್ ಮಾಡಿಕೊಂಡು ಹೊರಟರೆ ಸಿಗೋದು ಸುಲಭ.

ಕಾಳಗದ ನಡುವೆ ವೈರ್ ಕಿತ್ತು ಪಾರಾಗೋದನ್ನು ಈ ಆಟದಲ್ಲಿ ಮೋಸ ಅಂತಲೇ ಎಣಿಸುತ್ತಾರೆ. ಮೆನುವಿನಿಂದ ಹೊರಬಂದರೆ ಅಪಾಯದಲ್ಲಿರುವಾಗ 15 ಸೆಕೆಂಡ್ ಕಾಯಿಸುತ್ತೆ. ಅದು ನಿಯಮದೊಳಗಿನದೇ, ಆದರೂ ಎದುರಿನವರು ಗೊಣಗುತ್ತಾರೆ. ನಿಮ್ಮ ಮನೆಯ ಕರೆಂಟ್ ಹೋದದ್ದು ಅವನಿಗೆ ಗೊತ್ತಾಗೋದು ಹೇಗೆ? ಕಳ್ಳ ಅಂತಾನೆ. ಯುಪಿಎಸ್ ಇಲ್ಲದಿದ್ದರೆ, ಮಳೆ ಗಾಳಿ ಇರುವ ರಾತ್ರಿ ಓಪನ್ ಬೇಡ. ಇನ್ನೊಂದು, ಸೋಲೋದಲ್ಲೂ ಆಟವನ್ನು ತಡೆದು ನಿಲ್ಲಿಸೋ ಪಾಜ್ ಬಟನ್ ಇಲ್ಲ. ಮಗಳು ನೀರು ಕೇಳಿದಳು ಅಂತ ಹಾಗೇ ಎದ್ದು ಹೋದರೆ ಕಂಪ್ಯೂಟರ್ ನಡೆಸುವ ದರೋಡೆಕೋರರೇ ಬಂದು ಹೊಡೆಯುತ್ತಾರೆ. ಸ್ಟೇಷನ್ನಿನಲ್ಲಿ ಹಡಗು ಕಟ್ಟಿ ಏಳಿ, ಇಲ್ಲಾ ಮೆನುವಿಗೆ ಬನ್ನಿ.

ಪ್ರೈವೇಟ್ ಗ್ರೂಪ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನಿಮ್ಮ ಗೆಳೆಯರೇ ಒಂದು ಗ್ರೂಪ್ ತೆರೆದು ನಿಮ್ಮನ್ನು ಸೇರಿಸಲಿ. ಇಬ್ಬರೂ ಒಟ್ಟಿಗೆ ಹೋಗಿ ಗಣಿ ಅಗೆಯಿರಿ, ಅಷ್ಟು ದೊಡ್ಡ ಮಾತಾಡಿದವರು ನಿಮಗೆ ಕಾವಲು ಕಾಯಲಿ. ಹೊಡೆದಾಟ ಬೇಡ ಅನ್ನುವ ಸಾವಿರಾರು ಜನ ಸೇರಿದ ದೊಡ್ಡ ಗ್ರೂಪ್‌ಗಳೂ ಇವೆ, ಮೋಬಿಯಸ್ ಅನ್ನೋದು ಅದರಲ್ಲಿ ಹೆಸರುವಾಸಿ. ಒಂದು ಎಚ್ಚರಿಕೆ. ಅಲ್ಲಿ ಹೊಡೆಯಬಾರದು ಅನ್ನೋದು ಜನ ಮಾಡಿಕೊಂಡ ಒಪ್ಪಂದ. ಆಟವೇ ಗುಂಡನ್ನು ತಡೆಯಲ್ಲ. ಒಪ್ಪಂದ ಮುರಿದವನನ್ನು ಆಮೇಲೆ ಗ್ರೂಪಿನಿಂದ ಹೊರಗೆ ಹಾಕಬಹುದು, ಅಷ್ಟೇ.

ನಾಳೆ ನೀವು ಬೇರೆ ಆಟಕ್ಕೆ ಹೋದರೆ ಇದೇ ಲೆಕ್ಕ ಅಂತ ಹೋಗಬೇಡಿ. ಒಂದೊಂದು ಆಟದ್ದು ಒಂದೊಂದು ಕಟ್ಟಳೆ. ಜಿಟಿಎ ಆನ್‌ಲೈನ್‌ನಲ್ಲಿ 2016ರಿಂದ ವರ್ಷಗಟ್ಟಲೆ ಸರಕು ಮಾರೋಕೆ ಎಲ್ಲರ ಮಧ್ಯೆಯೇ ಹೋಗಬೇಕಿತ್ತು. 2022ರ ಜುಲೈನಲ್ಲಿ, ಕರೆದವರಷ್ಟೇ ಬರುವ ಸೆಷನ್ನಿನಲ್ಲೂ ಮಾರೋಕೆ ಬಿಟ್ಟರು. ಫಾಲ್‌ಔಟ್ 76ರಲ್ಲಿ ಖಾಸಗಿ ಪ್ರಪಂಚ ಬೇಕಂದರೆ ಚಂದಾ ಕಟ್ಟಬೇಕು. ಒಬ್ಬಂಟಿಯಾಗಿರೋಕೂ ದುಡ್ಡು! ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನವರು 2018ರಲ್ಲಿ ವಾರ್ ಮೋಡ್ ತಂದು, ಅಪಾಯ ಒಪ್ಪಿಕೊಂಡವರಿಗೆ ಬಹುಮಾನ ಜಾಸ್ತಿ ಮಾಡಿದರು. ನನಗೆ ಇದು ಇಷ್ಟ. ಎಲ್ಡನ್ ರಿಂಗ್‌ನಲ್ಲಿ ನೀವು ಒಬ್ಬರೇ ಇದ್ದರೆ ಸಾಮಾನ್ಯವಾಗಿ ಯಾರೂ ನುಗ್ಗಲ್ಲ. ಸಹಾಯಕ್ಕೆ ಇನ್ನೊಬ್ಬರನ್ನು ಕರೆದಿರೋ, ದಾಳಿ ಮಾಡುವವರಿಗೂ ಬಾಗಿಲು ತೆರೆಯುತ್ತೆ.

ಪದದಲ್ಲೂ ಮೋಸ ಹೋಗಬೇಡಿ. ಮೊಬೈಲಿನಲ್ಲಿ ಆಡುವ ಬಿಜಿಎಂಐ ಅನ್ನೋ ಗುಂಡಿನ ಆಟದಲ್ಲಿ ಸೋಲೋ ಅಂದರೆ ನೂರು ಜನರ ನಡುವೆ ಜೊತೆಗಾರರಿಲ್ಲದೆ ಇಳಿಯೋದು. ಎಲೀಟ್‌ನಲ್ಲಿ ಸೋಲೋ ಅಂದರೆ ಮನುಷ್ಯರೇ ಇಲ್ಲದಿರೋದು. ‘ನಮ್ಮ ಹುಡುಗ ಸೋಲೋ ಆಡ್ತಾನೆ, ಅಪರಿಚಿತರ ಸಹವಾಸ ಇಲ್ಲ’ ಅಂತ ನೆಮ್ಮದಿಯಾಗಿದ್ದ ತಂದೆತಾಯಿಗಳನ್ನು ನೋಡಿದ್ದೇನೆ. ಹುಡುಗ ಬಿಜಿಎಂಐ ಆಡುತ್ತಿದ್ದ! ಮಗಳು ಪಕ್ಕದಲ್ಲಿರುವಾಗ ನೀವೂ ಓಪನ್‌ಗೆ ಹೋದರೆ ಸೆಟ್ಟಿಂಗ್‌ನಲ್ಲಿ ವಾಯ್ಸ್ ಚಾಟ್ ಆಫ್ ಮಾಡಿಡಿ. ಎಲ್ಲರ ಬಾಯಿ ಒಂದೇ ಥರ ಇರಲ್ಲ.

ಅವಳ ಪ್ರಶ್ನೆ ಬಾಕಿ ಉಳಿಯಿತು. ಅವರು ಯಾಕೆ ಹಂಗೆ ಮಾಡಿದ್ರು? ಹೀಗೆ ಹಲವರು ಒಂದೇ ಪ್ರಪಂಚದಲ್ಲಿ ಸೇರಿ ಆಡುವ ಆಟಗಳಲ್ಲಿ ಮೊದಮೊದಲಿನ ಒಂದನ್ನು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದರು. ಅದರಲ್ಲೊಬ್ಬರಾದ ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಾಗಿ ವಿಂಗಡಿಸಿದರು. ಡೈಮನ್ನವರು ಗಳಿಸುವವರು, ಸ್ಪೇಡಿನವರು ಹುಡುಕಾಡುವವರು, ಹಾರ್ಟಿನವರು ಮಾತುಕತೆಗೆ ಬರುವವರು, ಕಳಾವರದವರು ಇನ್ನೊಬ್ಬರಿಗೆ ಕಾಟ ಕೊಟ್ಟು ಖುಷಿಪಡುವವರು. ನಿಮಗೆ ಸಿಕ್ಕಿದವನು ಕಳಾವರ. ಆದರೆ ಏಳು ವರ್ಷದವಳಿಗೆ ಇಸ್ಪೀಟು ಬೇಡ, ಕಬ್ಬಿನ ಗಾಡಿ ಸಾಕು. ಮಂಡ್ಯದಲ್ಲಿ ಫ್ಯಾಕ್ಟರಿಗೆ ಹೋಗುವ ಗಾಡಿ ಹಿಂದೆ ಓಡಿ ಒಂದು ಜಲ್ಲೆ ಎಳೆದುಕೊಳ್ಳುವ ಹುಡುಗರನ್ನು ಅವಳು ನೋಡಿರುತ್ತಾಳೆ. ಗಾಡಿಯವನು ಬೈತಾನೆ, ಆದರೆ ಮನಸ್ಸಿಗೆ ಹಚ್ಚಿಕೊಳ್ಳಲ್ಲ. ಆಟದಲ್ಲೂ ಅಂಥವರಿದ್ದಾರೆ. ಅಡ್ಡ ಹಾಕಿ ‘ಹತ್ತು ಟನ್ ಇಳಿಸಿ ಹೋಗು’ ಅಂತಾರೆ. ಇಳಿಸಿದರೆ ಬಿಡ್ತಾರೆ. ಅವರು ಕಡಲ್ಗಳ್ಳರು, ಅವರದೂ ಒಂದು ಆಟವೇ. ನಿಮಗೆ ಸಿಕ್ಕಿದವನು ಜಲ್ಲೆ ಎಳೆಯಲಿಲ್ಲ, ಗಾಡಿಗೇ ಬೆಂಕಿ ಇಟ್ಟ. ಕಬ್ಬು ಅವನಿಗೂ ಬೇಕಿರಲಿಲ್ಲ. ಉರಿಯೋದು ನೋಡಬೇಕಿತ್ತು. ಹಂಗೂ ಕೆಲವರು ಇರ್ತಾರೆ ಪುಟ್ಟಿ ಅಂತ ಹೇಳಿ. ಬ್ಲಾಕ್ ಮಾಡೋ ಬಟನ್ನನ್ನೂ ತೋರಿಸಿ. ಬ್ಲಾಕ್ ಮಾಡಿದವನ ಜೊತೆ ಆಟ ನಿಮ್ಮನ್ನು ಸೇರಿಸೋದು ಕಮ್ಮಿಯಾಗುತ್ತೆ.

ಈ ವಾರ ಸೋಲೋದಲ್ಲಿ ಚಿನ್ನದ ದುಡ್ಡು ವಾಪಸ್ ದುಡಿಯಿರಿ. ಶನಿವಾರ ರಾತ್ರಿ ಟೈಪ್-6 ಅನ್ನು ಸ್ಟೇಷನ್ನಿನಲ್ಲೇ ಬಿಟ್ಟು, ಆಟದ ಶುರುವಿನಲ್ಲಿ ಬಿಟ್ಟಿಯಾಗಿ ಸಿಕ್ಕ ಸೈಡ್‌ವೈಂಡರ್ ಅನ್ನೋ ಪುಟ್ಟ ಹಡಗು ತಗೊಂಡು ಓಪನ್‌ಗೆ ಹೋಗಿ. ಒಡೆದರೆ ಅದೇ ಥರದ್ದು ಇನ್ನೊಂದು ಪುಕ್ಕಟೆ ಕೊಡ್ತಾರೆ. ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ರೇಡಾರ್ ಅವಳ ಜವಾಬ್ದಾರಿ ಅಂತ ಹೇಳಿ. ತುಂಬಿದ ಚೌಕ ಬಂದರೆ ಸುಮ್ನಿರಬೇಕು, ಟೊಳ್ಳು ಚೌಕ ಕಂಡ ಕೂಡಲೇ ‘ಅಪ್ಪಾ, ಮನುಷ್ಯ!’ ಅಂತ ಕೂಗಬೇಕು.